ಮನೆಗೆಂದು ಬಿಟ್ಟ ಸಾಲು

ಕೋಸಿನ ತೋಟದಲ್ಲಿ ಬಗ್ಗಿ, ಚೆನ್ನಾಗಿ ಬಲಿತ ಒಂದು ಹೂಕೋಸಿಗೆ ಕೈ ಹಾಕಿದ್ದೆ. ಹಿಂದಿನಿಂದ ದೊಡ್ಡಮ್ಮ ಕೂಗಿದಳು. “ಅದು ಬೇಡ ಕಣಪ್ಪ, ಅದು ಮಾರೋದು. ಆ ಕೊನೆ ಸಾಲಿಂದ ಕಿತ್ಕೋ. ಅದು ಮನೆಗೆ.”

ಶಿಡ್ಲಘಟ್ಟದಿಂದ ಚಿಂತಾಮಣಿಯ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಕ್ಕೆ ಸರಿದರೆ ಸಿಗುವ ಊರು ಅದು. ದೊಡ್ಡಮ್ಮನದು ಎರಡೂವರೆ ಎಕರೆ. ಅರ್ಧದಲ್ಲಿ ಹಿಪ್ಪುನೇರಳೆ, ಉಳಿದರ್ಧದಲ್ಲಿ ಕಾಲಕ್ಕೆ ತಕ್ಕಂತೆ ಟೊಮೆಟೊ, ಕೋಸು, ಸೇವಂತಿಗೆ. ಕೊನೆಯ ಸಾಲಿನ ಕೋಸುಗಳು ಚಿಕ್ಕವು. ಎಲೆಗಳಲ್ಲಿ ಹುಳ ತಿಂದ ತೂತುಗಳು, ಒಂದೆರಡರ ಹೂವಿನ ಮೇಲೆ ಕಂದು ಚುಕ್ಕೆ. “ಇದ್ಯಾಕೆ ಹಿಂಗಿದೆ?” ಎಂದೆ. “ಅದಕ್ಕೆ ಔಷ್ಧಿ ಹೊಡೆದಿಲ್ಲ” ಎಂದಳು. ಆ ದನಿಯಲ್ಲಿ ತಪ್ಪು ಮಾಡಿದ ಅಳುಕಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸುವಷ್ಟು ಸಹಜವಾಗಿ ಹೇಳಿ, ಆಕೆ ಕೆಲಸಕ್ಕೆ ತಿರುಗಿದಳು.

ಆ ರಾತ್ರಿ ಮುದ್ದೆಯ ಜೊತೆಗೆ ಕೋಸಿನ ಸಾರು ಉಣ್ಣುವಾಗ ಆ ಮಾತು ಗಂಟಲಲ್ಲೇ ನಿಂತಿತು. ದೊಡ್ಡಮ್ಮ ಯಾರಿಗೂ ಒಂದು ರೂಪಾಯಿ ಮೋಸ ಮಾಡಿದವಳಲ್ಲ. ಪಕ್ಕದ ಮನೆಯಿಂದ ಒಂದು ಪಾವು ಸಕ್ಕರೆ ತಂದರೆ ತಲೆ ತಟ್ಟಿದ ಪಾವಿನಲ್ಲಿ ತಂದು, ಗೋಪುರದಂತೆ ತುಂಬಿ ಹಿಂದಿರುಗಿಸುವವಳು. ಅಂಥವಳ ತೋಟದಲ್ಲಿ ಎರಡು ಬಗೆಯ ಸಾಲು ಹೇಗೆ ಬಂತು? ಕೊನೆಯ ಸಾಲಿಗೂ ಅದರ ಪಕ್ಕದ ಸಾಲಿಗೂ ನಡುವೆ ಇದ್ದದ್ದು ಒಂದೂವರೆ ಅಡಿ ಕಾಲುದಾರಿ. ಆ ಕಾಲುದಾರಿಯ ಈಚೆ ಇರುವವರು ಮನೆಯವರು, ಆಚೆ ಇರುವವರು ಕೊಳ್ಳುವವರು. ಪ್ರಾಮಾಣಿಕತೆಯ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆಯೆಲ್ಲ ಆ ಕಾಲುದಾರಿಯಲ್ಲೇ ಇದೆ ಎಂದು ನನಗೆ ಅಂದಿನಿಂದ ಅನ್ನಿಸುತ್ತಿದೆ. ಯಾರು ಈಚೆ, ಯಾರು ಆಚೆ? ಹಾಗೆಂದು ಗೆರೆ ಎಳೆದವರು ಯಾರು?

ಮರುದಿನ ಬೆಳಿಗ್ಗೆ ಇನ್ನೊಂದು ವಿಷಯ ಕಂಡೆ. ಕೋಸಿಗೆ ಔಷಧಿ ಹೊಡೆದು ಬಂದ ದೊಡ್ಡಮ್ಮನ ಮಗ ನೇರವಾಗಿ ಹುಳುಮನೆಗೆ ಹೋಗಲಿಲ್ಲ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬಾಗಿಲಲ್ಲಿ ಚೆಲ್ಲಿದ್ದ ಸುಣ್ಣದ ಪುಡಿಯಲ್ಲಿ ಕಾಲಿಟ್ಟು ಒಳಗೆ ಹೋದ. ಗಾಳಿ ಹಿಪ್ಪುನೇರಳೆಯ ಕಡೆ ಬೀಸುತ್ತಿದ್ದರೆ ಆ ದಿನ ಔಷಧಿ ಹೊಡೆಯುವುದೇ ಇಲ್ಲವಂತೆ. ರೇಷ್ಮೆಹುಳುವಿನ ಆಯಸ್ಸು ಇಪ್ಪತ್ತೈದು ದಿನದ ಆಸುಪಾಸು. ಅಷ್ಟರಲ್ಲಿ ನಾಲ್ಕು ಸಲ ಜ್ವರಕ್ಕೆ ಕೂತು, ಚರ್ಮ ಬಿಟ್ಟು, ಹಣ್ಣಾಗಿ, ಚಂದ್ರಿಕೆ ಎಂಬ ತಟ್ಟಿಯ ಮೇಲೆ ಗೂಡು ಕಟ್ಟಬೇಕು. ವಿಷದ ತುಂತುರು ಸೋಕಿದ ಸೊಪ್ಪು ತಿಂದರೆ ತಟ್ಟೆಗಟ್ಟಲೆ ಹುಳು ಒಂದೇ ದಿನದಲ್ಲಿ ಸಾಯುತ್ತದೆ. ಹುಳು ಸಾಯುವುದು ಕಣ್ಣೆದುರಿಗೆ, ನಷ್ಟವೂ ಅಂದೇ ಮನೆಗೆ. ಅದೇ ಕೋಸನ್ನು ತಿನ್ನುವ ಮನುಷ್ಯ ಇರುವುದು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ. ಅವನಿಗೆ ಏನಾದರೂ ಆದರೆ ಆಗುವುದು ಎಷ್ಟೋ ವರ್ಷಗಳ ನಂತರ, ಕಾರಣ ಗೊತ್ತಾಗದ ಹಾಗೆ. ಹೀಗೆ ಒಂದು ಹುಳುವಿಗೆ ಸಿಗುವ ಎಚ್ಚರ ಮನುಷ್ಯನಿಗೆ ಸಿಗುತ್ತಿಲ್ಲ. ಕರುಣೆಯ ಕೊರತೆ ಇದಕ್ಕೆ ಕಾರಣವೆಂದು ನಾನು ನಂಬುವುದಿಲ್ಲ. ಆ ಮನುಷ್ಯ ಎದುರಿಗಿಲ್ಲ, ಅಷ್ಟೆ.

ಎದುರಿಗೆ ಇರುವುದು ಎಂದರೆ ಏನು ಎಂದು ತಿಳಿಯಲು ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋಗಬೇಕು. ತೆಲುಗು, ಕನ್ನಡ ಎರಡರಲ್ಲೂ ತತ್ತ್ವಪದ ಹಾಡಿದ, ಕಾಲಜ್ಞಾನ ಹೇಳಿದ ಯೋಗಿ ನಾರೇಯಣ ಯತೀಂದ್ರರ ಊರು ಅದು. ಜನರ ಬಾಯಲ್ಲಿ ಅವರು ಕೈವಾರ ತಾತಯ್ಯ. ಯೋಗಿಯಾಗುವ ಮೊದಲು ಅವರು ಬಳೆಗಾರರು, ಊರೂರು ಸುತ್ತಿ ಬಳೆ ತೊಡಿಸಿ ಬದುಕಿದವರು. ಬಳೆ ತೊಡಿಸುವ ಕಸುಬಿನಲ್ಲಿ ಕೊಳ್ಳುವವರ ಕೈ ಮಾರುವವನ ಕೈಯಲ್ಲಿರುತ್ತದೆ. ಅಳತೆ ತಪ್ಪಿದರೆ ನೋಯುವುದು ಆ ಕೈ, ನೋವು ಮುಖದಲ್ಲಿ ತಕ್ಷಣ ಕಾಣುತ್ತದೆ. ತೊಡಿಸುವಾಗ ಬಳೆ ಒಡೆದರೆ ನಷ್ಟ ಬಳೆಗಾರನದು, ತೊಟ್ಟವರು ಅದಕ್ಕೆ ಕಾಸು ಕೊಡುವುದಿಲ್ಲ. ಯಾವ ಕಾಯಿದೆಯ ಪುಸ್ತಕವನ್ನೂ ನೋಡದೆ ಹಳ್ಳಿ ಹಳ್ಳಿಯಲ್ಲಿ ನಡೆದುಬಂದ ಪದ್ಧತಿ ಇದು. ವ್ಯಾಪಾರದ ನೀತಿಯನ್ನು ಇಷ್ಟು ಚಿಕ್ಕದಾಗಿ ಹೇಳುವ ಇನ್ನೊಂದು ಕಸುಬನ್ನು ನಾನು ಕಂಡಿಲ್ಲ. ಕೊಳ್ಳುವವರ ಕೈ ನನ್ನ ಕೈಯಲ್ಲಿದೆ, ಒಡೆದದ್ದು ನನ್ನದು.

ಆದರೆ ಈ ಕಾಲದ ವ್ಯಾಪಾರದಲ್ಲಿ ಯಾರ ಕೈಯೂ ಯಾರ ಕೈಯಲ್ಲೂ ಇಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನೇ ನೋಡಿ. ರಾಮನಗರದ ಜೊತೆಗೆ ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಎಣಿಸುವಂಥದು. ಬೆಳಗಾಗುವ ಮೊದಲೇ ಗೂಡಿನ ಚೀಲಗಳು ಬಂದಿಳಿಯುತ್ತವೆ, ರೈತರು ಜಾಲರಿಗಳಲ್ಲಿ ಗೂಡು ಸುರಿದು ಹರಡಿ ಕೂರುತ್ತಾರೆ, ಗೂಡು ಕೊಂಡು ನೂಲು ತೆಗೆಸುವ ರೀಲರುಗಳು ಸಾಲು ಸಾಲಾಗಿ ನಡೆದು ಒಂದು ಹಿಡಿ ಎತ್ತಿ, ಅಲುಗಿಸಿ, ಒತ್ತಿ ನೋಡುತ್ತಾರೆ. ಗೂಡು ಕಾಯುವ ಸರಕಲ್ಲ. ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಕೋಶ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಉದ್ದದ ಎಳೆ ತೆಗೆಯಲಾಗದು. ಆದ್ದರಿಂದ ರೈತ ಇವತ್ತು ಮಾರಲೇಬೇಕು, ರೀಲರ್ ಇವತ್ತು ಕೊಳ್ಳಲೇಬೇಕು. ಇಬ್ಬರ ಊರೂ ಬೇರೆ, ಜಾತಿ ಮತ ಬೇರೆ, ಮನೆಮಾತು ಬೇರೆ. ಆದರೂ ದಿನ ಬೆಳಗಾದರೆ ಇಬ್ಬರೂ ಒಬ್ಬರನ್ನೊಬ್ಬರು ನಂಬದೆ ಗತಿಯಿಲ್ಲ.

ಇಂಥ ಕಡೆಯಲ್ಲಿ ಮೋಸಕ್ಕೆ ನೂರು ದಾರಿ. ಮೇಲೆ ಗಟ್ಟಿ ಗೂಡು, ಕೆಳಗೆ ತೆಳು ಗೂಡು. ತೂಕಕ್ಕೆಂದು ಪೂರ್ತಿ ಆರದ ಗೂಡು. ಆಚೆ ಕಡೆಯಿಂದ ತೂಕದಲ್ಲಿ ಕೈಚಳಕ, ಹರಾಜು ಆದಮೇಲೆ ಗೂಡು ಸರಿಯಿಲ್ಲವೆಂದು ರಾಗ, ದುಡ್ಡು ಕೊಡಲು ನಾಳೆ ಬಾ. ಇವಕ್ಕೆಲ್ಲ ಒಂದೊಂದಾಗಿ ಬೇಲಿ ಹಾಕುತ್ತ ಬಂದಿದ್ದಾರೆ. ಎಲೆಕ್ಟ್ರಾನಿಕ್ ತಕ್ಕಡಿ ಬಂತು, ಮೊಬೈಲಿನಲ್ಲಿ ಹರಾಜು ಕೂಗುವ ಇ–ಹರಾಜು ಬಂತು. ಒಳ್ಳೆಯದೇ ಆಯಿತು. ಬಡವನಿಗೆ ತಕ್ಕಡಿ ಸರಿಯಾಗಿರುವುದು ಸಣ್ಣ ವಿಷಯವಲ್ಲ. ಆದರೂ ಜಾಲರಿಯ ತಳದಲ್ಲಿ ಏನಿದೆ ಎಂಬುದನ್ನು ತಕ್ಕಡಿ ಹೇಳುವುದಿಲ್ಲ. ಅದು ಹೊರಗೆ ಬರುವುದು ರೀಲರನ ಬಿಸಿನೀರಿನ ಬೇಸಿನ್ನಿನಲ್ಲಿ, ಎಳೆ ಮತ್ತೆ ಮತ್ತೆ ತುಂಡಾದಾಗ. ಅಷ್ಟು ಹೊತ್ತಿಗೆ ರೈತ ಬಸ್ಸು ಹತ್ತಿರುತ್ತಾನೆ. ಬೇಸಿನ್ನಿನ ಮುಂದೆ ಕೂತು, ನೀರಿನಲ್ಲಿ ಬೆರಳು ಬೆಂದು, ದಿನಗೂಲಿಗೆ ನೂಲು ಬಿಚ್ಚುವ ಹೆಂಗಸಿಗೆ ಆ ರೈತನ ಹೆಸರೂ ಗೊತ್ತಿಲ್ಲ. ತುಂಡಾದ ಎಳೆಯನ್ನು ಹುಡುಕಿ ಹುಡುಕಿ ಸೇರಿಸುವುದು ಮಾತ್ರ ಅವಳ ಪಾಲಿಗೆ ಬರುತ್ತದೆ.

ಹಳ್ಳಿಯ ಹಾಲಿನ ಡೇರಿಯದೂ ಇದೇ ಕಥೆ. ಹಾಲಿಗೆ ನೀರು ಬೆರೆಸುತ್ತಾರೆಂದು ಡಿಗ್ರಿ ನೋಡುವ ಲ್ಯಾಕ್ಟೋಮೀಟರ್ ಬಂತು. ನೀರು ಬೆರೆತರೆ ಡಿಗ್ರಿ ಇಳಿಯುತ್ತದೆ. ಕೆನೆ ತೆಗೆದರೆ ಡಿಗ್ರಿ ಏರುತ್ತದೆ ಎಂಬುದು ಕೆಲವರಿಗೆ ತಿಳಿಯಿತು. ಕೆನೆ ತೆಗೆದು ನೀರು ಹಾಕಿದರೆ ಡಿಗ್ರಿ ಸರಿಯಾಗಿಯೇ ನಿಂತಿತು. ಆಗ ಫ್ಯಾಟ್ ನೋಡುವ ಯಂತ್ರ ಬೇಕಾಯಿತು. ಒಂದೊಂದು ಯಂತ್ರದ ಹಿಂದೆಯೂ ಒಂದೊಂದು ಜಾಣತನದ ಚರಿತ್ರೆ ಇದೆ. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಯಂತ್ರಕ್ಕೂ ಜಾಣತನಕ್ಕೂ ನಡೆಯುವ ಈ ಓಟದಲ್ಲಿ ಯಂತ್ರ ಯಾವಾಗಲೂ ಒಂದು ಹೆಜ್ಜೆ ಹಿಂದೆ ಎಂಬುದನ್ನಷ್ಟೇ ನೆನಪಿಸುತ್ತೇನೆ. ಅಳತೆ ಮುಟ್ಟದ ಜಾಗ ಎಲ್ಲ ಕೆಲಸದಲ್ಲೂ ಸ್ವಲ್ಪ ಉಳಿದೇ ಉಳಿಯುತ್ತದೆ. ನಮ್ಮ ನೀತಿ ನಿಜವಾಗಿ ವಾಸ ಮಾಡುವುದು ಆ ಜಾಗದಲ್ಲಿ.

ರೇಷ್ಮೆಯ ಲೋಕದಲ್ಲೇ ಅಂಥ ಒಂದು ಜಾಗವಿದೆ, ಯಾರ ಕಣ್ಣಿಗೂ ಬೀಳದ್ದು. ಹುಳುವಿಗೆ ಬರುವ ಗಂಟುರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಈ ರೋಗ ನೆಲಕಚ್ಚಿಸಿದಾಗ, 1865ರಿಂದ ಲೂಯಿ ಪಾಶ್ಚರ್ ವರ್ಷಗಟ್ಟಲೆ ಕೂತು ಒಂದು ದಾರಿ ಕಂಡುಕೊಂಡರು. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವುದು. ಇಂದಿಗೂ ರೇಷ್ಮೆಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತ ಒಬ್ಬ ನೌಕರನನ್ನು ನೆನೆಯಿರಿ. ಬೆಳಿಗ್ಗೆಯಿಂದ ಗಾಜಿನ ಮೇಲೆ ಗಾಜು, ಎಲ್ಲವೂ ಒಂದೇ ಥರ. ಮಧ್ಯಾಹ್ನದ ಊಟವಾದ ಮೇಲೆ ಕಣ್ಣು ಎಳೆಯುತ್ತದೆ. ಮುಂದಿನ ಗಾಜನ್ನು ನೋಡದೆ ‘ಸರಿ’ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ, ಸಂಬಳ ಕಡಿಮೆಯಾಗುವುದಿಲ್ಲ. ಆದರೆ ಆ ಮೊಟ್ಟೆ ಯಾವುದೋ ಊರಿನ ಯಾರದೋ ಮನೆಗೆ ಹೋಗುತ್ತದೆ. ಅಲ್ಲಿ ಸೊಪ್ಪು ಕೊಯ್ದು, ರಾತ್ರಿಯೆಲ್ಲ ಎದ್ದು ಮೇಯಿಸಿದವರ ಹುಳು, ಗೂಡು ಕಟ್ಟುವ ಮೊದಲೇ ಮೈಯೆಲ್ಲ ಕರಿಚುಕ್ಕೆಯಾಗಿ ಬೀಳುತ್ತದೆ. ಅವರು ತಮ್ಮ ಹಣೆಬರಹ ಎಂದುಕೊಳ್ಳುತ್ತಾರೆ. ಆ ಗಾಜನ್ನು ನಿಜವಾಗಿ ನೋಡಿದವನಿಗೆ ಯಾವ ಸನ್ಮಾನವೂ ಇಲ್ಲ. ಬಾರದೆ ಹೋದ ರೋಗಕ್ಕೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ನಿತ್ಯದ ಪ್ರಾಮಾಣಿಕತೆಯ ಸ್ವಭಾವವೇ ಇದು. ಅದು ನಡೆದಾಗ ಏನೂ ನಡೆದಂತೆ ಕಾಣುವುದಿಲ್ಲ.

ಈ ಮಾತನ್ನು ದೂರ ನಿಂತು ಹೇಳುವ ಹಕ್ಕು ನನಗಿಲ್ಲ. ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಪ್ರತಿ ಬೇಸಿಗೆ ಮೌಲ್ಯಮಾಪನಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಮೊದಲ ಹತ್ತು ಪತ್ರಿಕೆಗಳನ್ನು ಅಕ್ಷರ ಅಕ್ಷರ ಓದುತ್ತಿದ್ದೆ. ಸಂಜೆಯಾಗುತ್ತ ಬಂದಂತೆ ಪುಟ ತಿರುಗುವ ವೇಗ ಹೆಚ್ಚುತ್ತಿತ್ತು. ಒಂದು ವರ್ಷ ನನ್ನ ಮಗಳೂ ಪರೀಕ್ಷೆ ಬರೆದಿದ್ದಳು. ಅವಳ ಪತ್ರಿಕೆ ಬೇರೆ ಯಾವುದೋ ಊರಿನಲ್ಲಿ ಯಾರದೋ ಮೇಜಿನ ಮೇಲಿತ್ತು. ಅದನ್ನು ನೋಡುವವರ ಕೈಗೆ ಅದು ಬೆಳಗಿನ ಹೊತ್ತು ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆ ಬೇಡಿಕೊಂಡ ದಿನವೇ, ಸಂಜೆ ಐದರ ಹೊತ್ತಿಗೆ, ನನ್ನ ಕೈಯಲ್ಲಿದ್ದ ಪತ್ರಿಕೆಯ ಕೊನೆಯ ಮೂರು ಪುಟಗಳನ್ನು ಓದದೆ ಅಂಕ ಹಾಕಿದೆ. ಅದು ಯಾರ ಮಗುವಿನದು ಎಂದು ನನಗೆ ತಿಳಿಯದು, ಆ ಮಗುವಿಗೂ ನಾನು ತಿಳಿಯದವನು. ಎಷ್ಟೋ ವರ್ಷಗಳ ನಂತರ ದೊಡ್ಡಮ್ಮನ ಮನೆಯ ಸಾಲು ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ಮೂರು ಪುಟ. ಮಗಳಿಗೆ ಒಂದು ಸಾಲು, ಊರಿನ ಮಕ್ಕಳಿಗೆ ಇನ್ನೊಂದು ಸಾಲು. ನನ್ನ ಕೈಯಲ್ಲಿ ಔಷಧಿ ಹೊಡೆಯುವ ಡಬ್ಬಿ ಇರಲಿಲ್ಲ, ಕೆಂಪು ಪೆನ್ನಿತ್ತು.

ಈ ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳಿಗೆ ಪ್ರಾಮಾಣಿಕತೆ ಎಂದೊಡನೆ ಹೇಳಿಕೊಡುವ ಕಥೆ ಎರಡು ಮೇಣದಬತ್ತಿಯದು. ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕಾಗದ ಬರೆಯಲು ಸ್ವಂತ ಬತ್ತಿ ಹಚ್ಚುತ್ತಿದ್ದರಂತೆ. ಇದೇ ಕಥೆಯನ್ನು ಚಾಣಕ್ಯನ ಮೇಲೂ ಹೇಳುತ್ತಾರೆ, ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರ ಮೇಲೂ ಹೇಳುತ್ತಾರೆ. ಕಥೆಗಳು ಹೀಗೆ ದೇಶ ಸುತ್ತುತ್ತವೆ. ಯಾರ ಮನೆಯಲ್ಲಿ ಅಂಥದ್ದು ನಡೆದಿದ್ದೀತು ಎಂದು ಜನ ನಂಬುತ್ತಾರೋ ಆ ಮನೆಯಲ್ಲಿ ತಂಗುತ್ತವೆ. ಮುದ್ದೇನಹಳ್ಳಿಯಲ್ಲಿ ಅದು ತಂಗಿದೆ ಎಂಬುದೇ ಆ ಮನುಷ್ಯನ ಮೇಲೆ ಊರು ಬರೆದುಕೊಟ್ಟ ಪತ್ರ.

ಗಮನಿಸಿದರೆ ಅಲ್ಲಿಯೂ ಇರುವುದು ಎರಡು ಸಾಲು. ಎರಡು ಬತ್ತಿ, ನಡುವೆ ಒಂದು ಗೆರೆ. ಆದರೆ ಗೆರೆ ಎಳೆದ ದಿಕ್ಕು ಬೇರೆ. ದೊಡ್ಡಮ್ಮನ ಗೆರೆ ಊರಿನ ವಿಷ ಮನೆಗೆ ಬಾರದಿರಲಿ ಎಂದು. ದಿವಾನರ ಗೆರೆ ಮನೆಯ ಆಸೆ ಊರಿಗೆ ತಾಗದಿರಲಿ ಎಂದು. ಮನುಷ್ಯ ತನ್ನವರ ಮತ್ತು ಹೊರಗಿನವರ ನಡುವೆ ಗೆರೆ ಎಳೆಯದೆ ಬದುಕಲಾರ. ಆ ಗೆರೆ ಯಾರನ್ನು ಕಾಯುತ್ತಿದೆ ಎಂದು ಕೇಳಿಕೊಂಡರೆ ಸಾಕು, ಅರ್ಧ ಉತ್ತರ ಸಿಗುತ್ತದೆ. ಕಚೇರಿಯ ಕಾಗದ, ಕಚೇರಿಯ ಕಾರು, ಕಚೇರಿಯ ಹೊತ್ತು ಇವುಗಳ ವಿಷಯದಲ್ಲಿ ನಾವು ಗೆರೆಯನ್ನು ಅಳಿಸಿಬಿಡುತ್ತೇವೆ. ಕಷ್ಟ, ನಷ್ಟ, ಕಸ ಇವುಗಳ ವಿಷಯ ಬಂದಾಗ ಅದೇ ಗೆರೆಯನ್ನು ದಪ್ಪಗೆ ಎಳೆಯುತ್ತೇವೆ.

ಗೆರೆಯನ್ನೇ ಬಹುಮಟ್ಟಿಗೆ ಅಳಿಸಿ ಬದುಕಿದವರೊಬ್ಬರೂ ಈ ನೆಲದಲ್ಲೇ ಹುಟ್ಟಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು. 1920ರಲ್ಲಿ ಬಡಮನೆಯಲ್ಲಿ ಹುಟ್ಟಿದ ಹುಡುಗ, 1935ರಲ್ಲಿ ಓದಿಗಾಗಿ ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. 1942ರ ಚಳವಳಿಯಲ್ಲಿ ಜೈಲು ಕಂಡರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಬದುಕಿನ ಬಹುಭಾಗ ಕಳೆದದ್ದು ಮಾತ್ರ ಆ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಮದುವೆಯಿಲ್ಲ, ಮನೆಯಿಲ್ಲ, ಮೈಮೇಲೆ ಖಾದಿ. ತಾವು ಬಿಟ್ಟುಬಂದ ನಾಡಿನ ಮಕ್ಕಳಿಗೆ ತಮ್ಮಂತೆ ಬೆಂಗಳೂರಿಗೆ ನಡೆಯುವ ಪಾಡು ಬಾರದಿರಲೆಂದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಲು ದುಡಿದರು. ಅವರಿಗೆ ಮನೆಯ ಸಾಲು ಎಂಬುದೇ ಇರಲಿಲ್ಲ. ಹಾಸ್ಟೆಲಿನ ಹುಡುಗರ ಸಾಲೇ ಅವರದೂ.

ಎಲ್ಲರೂ ಹಾಗೆ ಬದುಕಲಾಗದು, ಬದುಕಬೇಕಾಗಿಯೂ ಇಲ್ಲ. ಮಕ್ಕಳು ಮರಿ ಇರುವವರಿಗೆ ಮನೆಯೊಂದು ಇದ್ದೇ ಇರುತ್ತದೆ. ಆದರೆ ನರಸಿಂಹಯ್ಯನವರಿಂದ ಎಲ್ಲರೂ ಪಡೆಯಬಹುದಾದದ್ದು ಇನ್ನೊಂದಿದೆ, ಬುದ್ಧಿಯ ಪ್ರಾಮಾಣಿಕತೆ. 1976ರಲ್ಲಿ, ಕುಲಪತಿಯಾಗಿದ್ದಾಗಲೇ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ದೊಡ್ಡವರ ಸಿಟ್ಟಿಗೆ ಗುರಿಯಾದರು. ಪ್ರಯೋಗಾಲಯದಲ್ಲಿ ಒಂದು ಸತ್ಯ, ಮನೆಯಲ್ಲಿ ಇನ್ನೊಂದು ಸತ್ಯ ಎಂಬ ಬಾಳು ಅವರಿಗೆ ಒಗ್ಗಲಿಲ್ಲ. ನಮ್ಮಲ್ಲಿ ಓದಿದವರಿಗೆ ಈ ಎರಡು ಸಾಲು ಬಹಳ ಸಲೀಸು. ಭಾಷಣದಲ್ಲಿ ಸಮಾನತೆ, ಮದುವೆಯ ಮಾತುಕತೆಯಲ್ಲಿ ಜಾತಿ. ಮಕ್ಕಳಿಗೆ ಸುಳ್ಳು ಹೇಳಬಾರದೆಂಬ ಪಾಠ, ನಿವೇಶನದ ನೋಂದಣಿಯಲ್ಲಿ ಅರ್ಧ ಬೆಲೆ. ಕೈಯ ಮೋಸವನ್ನು ತಕ್ಕಡಿ ಒಂದಷ್ಟಾದರೂ ಹಿಡಿಯುತ್ತದೆ. ಮನಸ್ಸು ತನಗೇ ಮಾಡಿಕೊಳ್ಳುವ ಮೋಸಕ್ಕೆ ಪ್ರಶ್ನೆ ಕೇಳುವ ಅಭ್ಯಾಸವೊಂದೇ ತಕ್ಕಡಿ.

ಈ ಎರಡು ಸಾಲು ನೀರಿನಲ್ಲೂ ಇವೆ. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳು ಹಲವು. ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ. ಆದರೆ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ ಬತ್ತಿ, ಬಾವಿ ಬತ್ತಿ, ಕೊಳವೆಬಾವಿ ಸಾವಿರ ಅಡಿ ದಾಟಿದೆ. ಬರುವ ನೀರಿನಲ್ಲಿ ಫ್ಲೋರೈಡ್ ಇದೆ. ಗಟ್ಟಿಬಂಡೆಯ ಬಿರುಕುಗಳಲ್ಲಿ ನಿಂತ ನೀರು ಅದು. ನಾನು ನನ್ನ ಹೊಲದಲ್ಲಿ ಇನ್ನೂರು ಅಡಿ ಹೆಚ್ಚು ಕೊರೆಸಿದರೆ ಪಕ್ಕದವನ ಮೋಟಾರು ಗಾಳಿ ಎಳೆಯುತ್ತದೆ. ನಾನು ಕದ್ದಿಲ್ಲ, ನನ್ನ ನೆಲದಲ್ಲೇ ತೋಡಿದ್ದೇನೆ, ಪತ್ರ ನನ್ನ ಹೆಸರಿನಲ್ಲಿದೆ. ಆದರೂ ಅವನ ನೀರು ಹೋಯಿತು. ನೆಲದ ಮೇಲಿನ ಬೇಲಿ ಬಂಡೆಗೆ ಗೊತ್ತಿಲ್ಲ. ಗೌರಿಬಿದನೂರಿನ ಬಳಿ 1965ರಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಒಂದು ಸಾಲೇ ಇದೆ. ಸಾವಿರಾರು ಕಿಲೋಮೀಟರ್ ದೂರದ ಯಾವುದೋ ದೇಶ ನೆಲದಡಿಯಲ್ಲಿ ಗುಟ್ಟಾಗಿ ಅಣುಬಾಂಬು ಸಿಡಿಸಿದರೆ ಇಲ್ಲಿನ ಬಂಡೆ ನಡುಗಿ ಅದನ್ನು ಹೇಳುತ್ತದೆ. ಅಷ್ಟು ದೂರದ್ದು ಮುಟ್ಟುವ ಬಂಡೆಯಲ್ಲಿ ಪಕ್ಕದ ಹೊಲದ್ದು ಮುಟ್ಟದೆ ಇರುತ್ತದೆಯೇ?

ಪಟ್ಟಣದವರಾದ ನಾವು ಈ ಲೆಕ್ಕದಿಂದ ಹೊರಗಿಲ್ಲ. ಬೆಂಗಳೂರು ಕುಡಿಯಲು ಕಾವೇರಿಯನ್ನು ತರಿಸಿಕೊಳ್ಳುತ್ತದೆ. ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧಿ ಮಾಡಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಈ ಕಡೆಯ ಕೆರೆಗಳಿಗೆ ಹರಿಸುತ್ತದೆ. ಒಣಗಿದ ಕೆರೆಗೆ ನೀರು ಬಂದದ್ದು ಸಂತೋಷವೇ. ಮೂರನೆಯ ಹಂತವನ್ನೂ ಶುದ್ಧಿ ಮಾಡಿ ಕಳುಹಿಸಿ ಎಂದು ಇಲ್ಲಿನ ಜನ ಕೇಳುತ್ತಲೇ ಇದ್ದಾರೆ. ಕೋಸು ಆ ಕಡೆ ಹೋಗುತ್ತದೆ, ನೀರು ಈ ಕಡೆ ಬರುತ್ತದೆ. ನಗರಕ್ಕೂ ಒಂದು ಮನೆಯ ಸಾಲು ಇದೆ, ಮಿಕ್ಕವರಿಗೊಂದು ಸಾಲು ಇದೆ. ದೊಡ್ಡಮ್ಮನನ್ನು ತಪ್ಪಿತಸ್ಥೆ ಎಂದು ಬರೆಯಲು ನನ್ನ ಕೈ ಏಳದಿರುವುದು ಇದಕ್ಕೇ. ನಾನು ಬೆಂಗಳೂರಿನವನು.

ಹಿಂದೆ ಕೆರೆಯ ನೀರನ್ನು ಹಂಚುವವನು ನೀರಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುವುದು, ನೀರು ಕಡಿಮೆಯಾದ ವರ್ಷ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡುವುದು ಅವನ ಹೊಣೆ. ಸುಗ್ಗಿಯಲ್ಲಿ ಕಣದಿಂದ ಸಿಗುವ ಧಾನ್ಯವೇ ಸಂಬಳ. ಅವನ ನಿಷ್ಪಕ್ಷಪಾತವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಬಹಳ ಊರುಗಳಲ್ಲಿ ನೀರಗಂಟಿ ದಲಿತ, ಆ ಅಚ್ಚುಕಟ್ಟಿನಲ್ಲಿ ಅವನಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ತನ್ನ ಸಾಲು ಇಲ್ಲದವನ ಕೈಗೆ ಎಲ್ಲರ ಸಾಲು ಕೊಟ್ಟು ನಾವು ನಿಶ್ಚಿಂತರಾದೆವು. ಪ್ರಾಮಾಣಿಕತೆಯನ್ನು ಹೊಗಳುವಾಗ ಈ ಗಾಯವನ್ನು ಮರೆಯಬಾರದು. ಮನೆಗೆಲಸದವಳು ಮೇಜಿನ ಮೇಲೆ ಮರೆತ ನೂರರ ನೋಟನ್ನು ಮುಟ್ಟಲಿಲ್ಲವೆಂದು ಮೆಚ್ಚುತ್ತೇವೆ. ಅವಳ ಕೂಲಿ ನ್ಯಾಯವಾಗಿದೆಯೇ ಎಂಬ ಪ್ರಶ್ನೆಯನ್ನು ನಮಗೆ ನಾವು ಹಾಕಿಕೊಳ್ಳುವುದಿಲ್ಲ. ಇಲ್ಲದವರಿಂದ ಪ್ರಾಮಾಣಿಕತೆಯನ್ನು ವಸೂಲಿ ಮಾಡುವುದು, ಇದ್ದವರಿಗೆ ಜಾಣತನವೆಂದು ರಿಯಾಯಿತಿ ಕೊಡುವುದು, ಇದು ಎಲ್ಲಕ್ಕಿಂತ ಹಳೆಯ ಎರಡು ಸಾಲು.

ಹಾಗಾದರೆ ದೊಡ್ಡಮ್ಮ ಏನು ಮಾಡಬೇಕು? ಔಷಧಿ ಹೊಡೆಯದಿದ್ದರೆ ಕೋಸಿನ ಎಲೆಯಲ್ಲಿ ತೂತು ಬೀಳುತ್ತದೆ. ಮಂಡಿಯಲ್ಲಿ ಆ ಕೋಸನ್ನು ಪಕ್ಕಕ್ಕೆ ತಳ್ಳುತ್ತಾರೆ. ಮಂಡಿಯವರು ತಳ್ಳುವುದು ನಾವು ಕೊಳ್ಳುವುದಿಲ್ಲವೆಂದು. “ನಿಮ್ಮೂರಲ್ಲಿ ಹುಳ ತಿಂದಿರೋ ಕೋಸು ತಗೊಳ್ಳೋರು ಇದ್ದಾರೇನಪ್ಪ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯಲ್ಲಿ ಅಂಥ ಕೋಸನ್ನು ನಾನೇ ಎಷ್ಟು ಸಲ ಎತ್ತಿ ಮತ್ತೆ ಇಟ್ಟಿದ್ದೇನೋ. ಬೆಳೆಯುವವರ ಎರಡನೇ ಸಾಲನ್ನು ಬೆಳೆಸುತ್ತಿರುವುದು ಕೊಳ್ಳುವವರ ಕಣ್ಣು.

ಕೊಟ್ಟಿಗೆಯ ಗೂಡಿನಲ್ಲಿ ಔಷಧಿಯ ಡಬ್ಬಿ ಇತ್ತು. ತೆಗೆದು ನೋಡಿದೆ. ವಿಷ ಎಷ್ಟು ತೀಕ್ಷ್ಣ ಎಂದು ತೋರಿಸುವ ಬಣ್ಣದ ತ್ರಿಕೋನ, ಅದರ ಕೆಳಗೆ ಇರುವೆಯಂಥ ಅಕ್ಷರಗಳು. ಕನ್ನಡಕ ಹಾಕಿಕೊಂಡು ಓದಿದೆ. ಕೊನೆಯ ಸಲ ಹೊಡೆದ ಮೇಲೆ ಕೊಯ್ಲಿಗೆ ಏಳು ದಿನ ಬಿಡಬೇಕು ಎಂದಿತ್ತು. ಗಟ್ಟಿಯಾಗಿ ಓದಿ ಹೇಳಿದೆ. ದೊಡ್ಡಮ್ಮ ಕೈಯಲ್ಲಿದ್ದ ಸೊಪ್ಪಿನ ಹೊರೆ ಕೆಳಗಿಟ್ಟಳು. “ಎಷ್ಟು ಮುಚ್ಚಳ ಹಾಕಬೇಕು ಅಂತ ಅಂಗಡಿಯವ್ನು ಹೇಳ್ತಾನೆ. ಎಷ್ಟು ದಿನ ಬಿಡಬೇಕು ಅಂತ ಇದುವರೆಗೂ ಯಾರೂ ಹೇಳಿಲ್ಲ ಕಣಪ್ಪ.” ಇಷ್ಟು ವರ್ಷ ಆ ಮನೆಗೆ ಬಂದುಹೋಗುವ ಓದುಬಲ್ಲವರಲ್ಲಿ ನಾನೂ ಒಬ್ಬ. ಮನೆಯ ಸಾಲಿನ ತರಕಾರಿಯನ್ನು ಚೀಲ ತುಂಬ ಕೊಂಡೊಯ್ದಿದ್ದೆ. ಒಂದು ಡಬ್ಬಿಯನ್ನೂ ಓದಿ ಹೇಳಿರಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಹೋದಾಗ ಮುಂದಿನ ಬೆಳೆ ಕೊಯ್ಲಾಗಿತ್ತು. ನಾನು ಆ ವಿಷಯ ಎತ್ತಲಿಲ್ಲ. ಹುಳುಮನೆಯ ಬಾಗಿಲಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದ ದೊಡ್ಡಮ್ಮನೇ ತಲೆಯೆತ್ತದೆ ಹೇಳಿದಳು. “ಏಳು ದಿನ ಆಗಲಿಲ್ಲ ಕಣಪ್ಪ. ರೇಟು ಬಿದ್ದೋಗ್ತದೆ ಅಂತ ಅಂದ್ರು. ಐದು ದಿನ ಬಿಟ್ಟೆ.”

ಏಳು ದಿನ ಬಿಟ್ಟೆ ಎಂದಿದ್ದರೆ ನಾನು ನಂಬುತ್ತಿದ್ದೆ. ಪರೀಕ್ಷಿಸಲು ನನ್ನ ಬಳಿ ಯಾವ ಯಂತ್ರವೂ ಇರಲಿಲ್ಲ. ಕೋಸು ಆಗಲೇ ಮಂಡಿ ದಾಟಿ, ಯಾರದೋ ಅಡುಗೆಮನೆ ದಾಟಿ ಹೋಗಿತ್ತು. ಆಕೆ ಐದು ಎಂದಳು. ಆ ಐದರಲ್ಲಿ, ಹೆಸರು ಗೊತ್ತಿಲ್ಲದ ಯಾರಿಗೋ ಆಕೆ ಬಿಟ್ಟ ದಿನಗಳಿದ್ದವು, ಬಿಡಲಾಗದ ಎರಡು ದಿನಗಳ ಲೆಕ್ಕವೂ ಇತ್ತು. ಒಂದೂವರೆ ಅಡಿಯ ಕಾಲುದಾರಿಯನ್ನು ಆಕೆ ಐದು ಹೆಜ್ಜೆ ದಾಟಿದ್ದಳು, ಇನ್ನೆರಡು ಉಳಿದಿವೆ ಎಂಬುದನ್ನು ಮುಚ್ಚಿಡಲಿಲ್ಲ. ಓದದೆ ಅಂಕ ಹಾಕಿದ ಆ ಮೂರು ಪುಟಗಳ ಮಾತನ್ನು ನಾನು ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಅವತ್ತು ಮೊದಲ ಸಲ, ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮುಂದೆ ಕೂತು, ದೊಡ್ಡಮ್ಮನಿಗೆ ಹೇಳಿದೆ.